ಪ್ರಪಂಚದ ಕುದುರೆಗಳು ಆರು ಕೋಟಿಯಲ್ಲೇ ನಿಂತಿವೆ, ನಮ್ಮವು ಎಲ್ಲಿಗೆ ಹೋದವು?

ಅಂಕಿಗಣ್ಣು, ಜಯನಗರ

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಬಳಿ 1961ರಿಂದ ಈಚೆಗೆ ದೇಶವಾರು ಜಾನುವಾರು ಲೆಕ್ಕವಿದೆ. ಅದರಲ್ಲಿ ಕುದುರೆಯ ಸಾಲನ್ನು ಮಾತ್ರ ಹೆಕ್ಕಿ ಪ್ರದೇಶವಾರು ಜೋಡಿಸುತ್ತಿದ್ದೇನೆ. ಒಟ್ಟು ಮೊತ್ತ ನೋಡಿದರೆ ಈ ಅರವತ್ತು ವರ್ಷಗಳಲ್ಲಿ ಏನೂ ನಡೆದೇ ಇಲ್ಲವೇನೋ ಅನ್ನಿಸುತ್ತದೆ. ಆಗ ಆರು ಕೋಟಿಯ ಆಸುಪಾಸು, ಈಗಲೂ ಅಷ್ಟೇ. ಒಳಗೆ ಬಗೆದರೆ ಮಾತ್ರ ಕಥೆ ಬೇರೆ. ಚೀನಾದಲ್ಲಿ 1970ರ ದಶಕದ ಕೊನೆಗೆ ಒಂದು ಕೋಟಿ ದಾಟಿದ್ದ ಕುದುರೆಗಳು ಈಗ 40 ಲಕ್ಷಕ್ಕೂ ಕಡಿಮೆ. ಮಂಗೋಲಿಯಾದಲ್ಲಿ 1990ರಲ್ಲಿ ಸುಮಾರು 22 ಲಕ್ಷ ಇದ್ದವು, 2019ಕ್ಕೆ 42 ಲಕ್ಷ ಆಗಿವೆ. ಎರಡು ದೇಶಗಳ ನಡುವೆ ಇರುವುದು ಒಂದು ಗಡಿಗೆರೆ ಮಾತ್ರ.

ನಮ್ಮ ಲೆಕ್ಕ ಕೇಳಿ. 1951ರಲ್ಲಿ ಭಾರತದಲ್ಲಿ ಕುದುರೆ ಮತ್ತು ತಟ್ಟುಗಳು ಸೇರಿ 15 ಲಕ್ಷ. 1972ಕ್ಕೆ 9 ಲಕ್ಷ. 2012ರಲ್ಲಿ 6.25 ಲಕ್ಷ. 2019ರ ಗಣತಿಯಲ್ಲಿ 3.42 ಲಕ್ಷ. ಕೊನೆಯ ಏಳು ವರ್ಷಗಳಲ್ಲೇ ಶೇ 45ಕ್ಕೂ ಹೆಚ್ಚು ಕುಸಿತ.

‘ಟ್ರ್ಯಾಕ್ಟರ್ ಬಂತು, ಆಟೋ ಬಂತು, ಕುದುರೆ ಹೋಯಿತು’ ಎಂಬ ಉತ್ತರವನ್ನು ದಯವಿಟ್ಟು ಯಾರೂ ಬರೆಯಬೇಡಿ. ಟ್ರ್ಯಾಕ್ಟರು ಅಮೆರಿಕಕ್ಕೆ ನಮಗಿಂತ ಬಹಳ ಮೊದಲೇ ಬಂದಿದೆ, ಆದರೂ ಅಲ್ಲಿ ಕುದುರೆಗಳು ಬೇಕಾದಷ್ಟಿವೆ. ಬೇರೆ ಏನೋ ಕಾರಣ ಇರಬೇಕು. ಗೊತ್ತಿರುವವರು ಹೇಳಿ.

ಜಟಕಾಸ್ಟ್ಯಾಂಡ್, ಬಸವನಗುಡಿ

ಬೇಡವೆಂದರೂ ಆಟೋ ವಿಷಯವನ್ನೇ ಬರೆಯುತ್ತೇನೆ, ಕ್ಷಮಿಸಿ. ಸಿಟಿ ಮಾರುಕಟ್ಟೆಯಿಂದ ಬಸವನಗುಡಿಗೆ ಜಟಕಾದಲ್ಲಿ ಬಂದ ತಲೆಮಾರಿನವನು ನಾನು. ಗಾಡಿಗೆ ಎರಡೇ ಚಕ್ರ. ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ಕುದುರೆಯ ಹೊಟ್ಟೆಗೆ ಸುತ್ತಿದ ಪಟ್ಟಿ ಬಿಗಿಯುತ್ತದೆ. ಮುಂದೆ ಹೆಚ್ಚಾದರೆ ಬೆನ್ನ ಮೇಲೆ ಬೀಳುತ್ತದೆ. ಹಾಗಾಗಿ ಜಟಕಾ ಸಾಬರು ಹೊರಡುವ ಮುಂಚೆ ‘ಸ್ವಾಮಿ, ನೀವು ಮುಂದಕ್ಕೆ ಬನ್ನಿ, ಅಮ್ಮಾವರೇ, ನೀವು ಆ ಕಡೆಗೆ ಸರಿಯಿರಿ’ ಎಂದು ನಮ್ಮನ್ನೆಲ್ಲ ತೂಗಿ ನೋಡಿ ಕೂರಿಸುತ್ತಿದ್ದರು. ಬಾಡಿಗೆಗಿಂತ ಹೆಚ್ಚಿನ ಚೌಕಾಸಿ ಈ ಕೂರುವ ಜಾಗದ್ದು. ಕುದುರೆಗೆ ಹುರುಳಿ, ಹುಲ್ಲು, ಲಾಳದ ಖರ್ಚು ದಿನವೂ ಇತ್ತು. ಬಾಡಿಗೆ ಮಾತ್ರ ದಿನವೂ ಇರಲಿಲ್ಲ. ಆಟೋಗೆ ಓಡಿದ ದಿನ ಪೆಟ್ರೋಲು ಹಾಕಿದರೆ ಸಾಕು. ಇದಕ್ಕಿಂತ ಆಳದ ಕಾರಣ ಹುಡುಕುವ ಅಗತ್ಯ ನನಗಂತೂ ಕಾಣುವುದಿಲ್ಲ.

ಹೆಬ್ಬಾಳದ ಡಾಕ್ಟರು

ನಿವೃತ್ತ ಪಶುವೈದ್ಯ ನಾನು. ಜಟಕಾಸ್ಟ್ಯಾಂಡ್ ಅವರು ಹೇಳಿದ್ದು ನಿಜ, ಆದರೆ ಅದು ಕುದುರೆ ಯಾಕೆ ಮೊದಲ ಕೆಲಸ ಕಳೆದುಕೊಂಡಿತು ಎಂಬುದಕ್ಕೆ ಉತ್ತರ. ಕೆಲಸ ಕಳೆದುಕೊಂಡ ಮೇಲೆ ಅದಕ್ಕೆ ಎರಡನೇ ಕೆಲಸ ಸಿಕ್ಕಿತೋ ಇಲ್ಲವೋ ಎಂಬಲ್ಲಿ ಪ್ರದೇಶಗಳು ಬೇರೆಯಾಗುತ್ತವೆ.

ಅಮೆರಿಕವನ್ನೇ ನೋಡಿ. 1915ರ ಸುಮಾರಿಗೆ ಅಲ್ಲಿ 2.1 ಕೋಟಿ ಕುದುರೆಗಳಿದ್ದವು. ಆ ಕಾಲದಲ್ಲಿ ಉಳುವ ಭೂಮಿಯ ಕಾಲು ಭಾಗದಷ್ಟು ಕುದುರೆ, ಹೇಸರಗತ್ತೆಗಳ ಮೇವಿಗೇ ಹೋಗುತ್ತಿತ್ತು. 1954ರಲ್ಲಿ ಹೊಲಗಳ ಮೇಲೆ ಮೊದಲ ಬಾರಿಗೆ ಈ ಪ್ರಾಣಿಗಳಿಗಿಂತ ಟ್ರ್ಯಾಕ್ಟರುಗಳು ಹೆಚ್ಚಾದವು. 1960ಕ್ಕೆ ಎಲ್ಲ ಸೇರಿ 30 ಲಕ್ಷಕ್ಕೆ ಇಳಿದಿತ್ತು. ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಊರ ಹೊರವಲಯದಲ್ಲಿ ಒಂದೆರಡು ಎಕರೆ, ಕೈಯಲ್ಲಿ ಸ್ವಲ್ಪ ಹಣ, ವಾರಕ್ಕೆ ಎರಡು ದಿನ ರಜೆ ಇರುವ ಒಂದು ಮಧ್ಯಮ ವರ್ಗ ಹುಟ್ಟಿತು. ಮಗಳಿಗೆ ಒಂದು ಕುದುರೆ ಕೊಡಿಸುವ ಶಕ್ತಿ ಆ ವರ್ಗಕ್ಕೆ ಬಂತು. 2005ರ ಹೊತ್ತಿಗೆ ಅಲ್ಲಿನ ಕುದುರೆ ಉದ್ಯಮದ ಸಂಘ ಅಮೆರಿಕನ್ ಹಾರ್ಸ್ ಕೌನ್ಸಿಲ್ ಲೆಕ್ಕದಲ್ಲಿ 92 ಲಕ್ಷ. ಬಳಿಕ ಇಳಿದು 2023ಕ್ಕೆ 66 ಲಕ್ಷದ ಸುಮಾರು.

ನಮ್ಮಲ್ಲಿ ಕುದುರೆಯ ಮಾಂಸ ತಿನ್ನುವುದಿಲ್ಲ, ಹಾಲು ಕರೆಯುವುದಿಲ್ಲ, ಮಧ್ಯಮ ವರ್ಗದವರು ಸವಾರಿಗೆಂದು ಸಾಕುವುದಿಲ್ಲ. ಗಾಡಿ ಹೋದ ದಿನವೇ ಕುದುರೆಯೂ ಹೋಯಿತು.

ಸುಮ್ಮನೆ ಓದುಗ

ಡಾಕ್ಟರೇ, ನೀವು ಅಮೆರಿಕಕ್ಕೆ 66 ಲಕ್ಷ ಎನ್ನುತ್ತೀರಿ. ಅಂಕಿಗಣ್ಣು ಅವರು ಹೇಳುವ ಆಹಾರ ಸಂಸ್ಥೆಯ ಪಟ್ಟಿ ತೆರೆದು ನೋಡಿದೆ, ಅಲ್ಲಿ ಒಂದು ಕೋಟಿಗೂ ಮೇಲಿದೆ. ಉಳಿದ 34 ಲಕ್ಷ ಕುದುರೆಗಳನ್ನು ಯಾರು ಅಡಗಿಸಿಟ್ಟರು?

ಅಂಕಿಗಣ್ಣು, ಜಯನಗರ

ಸುಮ್ಮನೆ ಓದುಗರೇ, ನೀವು ಸುಮ್ಮನೆ ಓದುವುದಿಲ್ಲ ಎಂದು ತಿಳಿಯಿತು. ಮೂರನೇ ಅಂಕಿಯೂ ಇದೆ: ಅಮೆರಿಕದ ಕೃಷಿ ಗಣತಿ 2022ರಲ್ಲಿ ಕೊಟ್ಟದ್ದು ಸುಮಾರು 24 ಲಕ್ಷ. ಅದು ‘ಫಾರ್ಮ್’ ಎಂದು ಸರ್ಕಾರ ಒಪ್ಪುವ ಜಾಗಗಳಲ್ಲಿರುವ ಕುದುರೆಗಳನ್ನು ಮಾತ್ರ ಎಣಿಸುತ್ತದೆ. ಮನೆಯ ಹಿತ್ತಲಲ್ಲಿ ಸಾಕಿದ್ದು, ಸವಾರಿ ಶಾಲೆಯಲ್ಲಿ ಬಾಡಿಗೆಗೆ ಕಟ್ಟಿದ್ದು ಬಹುಪಾಲು ಹೊರಗೆ. ಕೌನ್ಸಿಲ್ಲಿನದು ಸಮೀಕ್ಷೆಯ ಆಧಾರದ ಅಂದಾಜು. ಆಹಾರ ಸಂಸ್ಥೆಯದು ಎಷ್ಟೋ ವರ್ಷ ಹಿಂದಿನ ವರ್ಷದ ಮೇಲೆ ಕಟ್ಟಿದ ಊಹೆ. ಆ ಪಟ್ಟಿಯಲ್ಲಿ ಅಂಕಿಯ ಪಕ್ಕ ಇರುವ ಸಣ್ಣ ಅಕ್ಷರವನ್ನು ಗಮನಿಸಿ, ಅದು ದೇಶ ಕೊಟ್ಟ ಲೆಕ್ಕವೋ ಸಂಸ್ಥೆಯ ಅಂದಾಜೋ ಎಂದು ಅದೇ ಹೇಳುತ್ತದೆ.

ಒಂದೇ ದೇಶಕ್ಕೆ 24 ಲಕ್ಷ, 66 ಲಕ್ಷ, ಒಂದು ಕೋಟಿ. ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ: ಎರಡು ಪ್ರದೇಶಗಳ ಅಂಕಿಗಳನ್ನು ನೇರವಾಗಿ ಹೋಲಿಸುವುದಿಲ್ಲ. ಒಂದೇ ಎಣಿಕೆಯ ಕ್ರಮ ದೀರ್ಘಕಾಲ ನಡೆದಿರುವ ದೇಶದೊಳಗೆ ಏರಿತೋ ಇಳಿಯಿತೋ ಎಂದಷ್ಟೇ ನೋಡಿ, ಆ ಏರಿಳಿತಗಳನ್ನು ಹೋಲಿಸುತ್ತೇನೆ.

ರೂಪಾ, ಯಲಹಂಕ

ನನ್ನ ತಮ್ಮ ಅಲ್ಮಾಟಿಯಲ್ಲಿ ವೈದ್ಯಕೀಯ ಓದುತ್ತಿದ್ದಾನೆ. ಸಸ್ಯಾಹಾರಿಯಾದ ಅವನ ಪಾಡು ಬೇಡ. ಅಲ್ಲಿಯ ಮಾರುಕಟ್ಟೆಯಲ್ಲಿ ಕುದುರೆ ಮಾಂಸಕ್ಕೇ ಬೇರೆ ಸಾಲು ಇದೆಯಂತೆ. ಪಕ್ಕೆಲುಬಿನ ಮಾಂಸವನ್ನು ಕೊಬ್ಬಿನ ಸಮೇತ ಕರುಳಿಗೆ ತುಂಬಿ ಮಾಡುವ ‘ಕಜಿ’ ಎಂಬುದು ಅಲ್ಲಿ ಹಬ್ಬದ ಅಡುಗೆ. ಚಳಿಗಾಲದ ಆರಂಭದಲ್ಲಿ ಮನೆಯವರು ಸೇರಿ ಕುದುರೆ ಕಡಿದು ಆ ಋತುವಿಗೆ ಬೇಕಾದ ಮಾಂಸ ಕೂಡಿಡುತ್ತಾರೆ. ಹೆಣ್ಣು ಕುದುರೆಯ ಹಾಲನ್ನು ಹುಳಿ ಬರಿಸಿ ಮಾಡುವ ಕುಮಿಸ್ ಅಂಗಡಿಗಳಲ್ಲಿ ಬಾಟಲಿಯಲ್ಲೇ ಸಿಗುತ್ತದೆ.

ಹುಡುಕಿ ನೋಡಿದೆ: ಸೋವಿಯತ್ ಒಕ್ಕೂಟ ಒಡೆದ ಮೇಲೆ ಕಜಕಸ್ತಾನದ ಕುದುರೆಗಳು 1990ರ ದಶಕದ ಕೊನೆಗೆ ಹತ್ತು ಲಕ್ಷಕ್ಕೆ ಕುಸಿದಿದ್ದವು. 2020ರ ಹೊತ್ತಿಗೆ 30 ಲಕ್ಷ ದಾಟಿವೆ. ಡಾಕ್ಟರ್ ಹೇಳಿದ ಎರಡನೇ ಕೆಲಸ ಎಂದರೆ ಇದೇ ಅಲ್ಲವೇ? ಸ್ವಲ್ಪ ಕಠೋರವಾದ ಕೆಲಸ, ಅಷ್ಟೇ.

ಇತಿಹಾಸದ ಮೇಷ್ಟ್ರು, ರಾಜಾಜಿನಗರ

ಈ ಚರ್ಚೆ 1961ರಿಂದ ಶುರುವಾದದ್ದೇ ದೊಡ್ಡ ತೊಂದರೆ. ಆ ವರ್ಷದಿಂದ ಗೆರೆ ಎಳೆದರೆ ಅಮೆರಿಕ ಏರುತ್ತಿರುವಂತೆಯೂ ಭಾರತ ಬೀಳುತ್ತಿರುವಂತೆಯೂ ಕಾಣುತ್ತದೆ. ಅಮೆರಿಕ, ಪಶ್ಚಿಮ ಯುರೋಪುಗಳ ಮಹಾಪತನ ಅಷ್ಟರಲ್ಲಿ ಮುಗಿದೇ ಹೋಗಿತ್ತು. ಪೋಲೆಂಡಿನಲ್ಲಿ ಎರಡನೇ ಮಹಾಯುದ್ಧಕ್ಕೆ ಮುಂಚೆ 39 ಲಕ್ಷದಷ್ಟು ಕುದುರೆಗಳಿದ್ದವು. ಅಲ್ಲಿಯ ಸಣ್ಣ ಹಿಡುವಳಿದಾರರು 1970ರ ದಶಕದಲ್ಲೂ ಕುದುರೆಯಿಂದಲೇ ಉಳುತ್ತಿದ್ದರು, ಹಾಗಾಗಿ ಅವರ ಗೆರೆ ತಡವಾಗಿ ಬಿತ್ತು. ಆಸ್ಟ್ರೇಲಿಯಾದಲ್ಲಿ 1918ರಲ್ಲಿ 25 ಲಕ್ಷ ಕುದುರೆಗಳಿದ್ದವು, ಅದು ಅವರ ಶಿಖರ. ಆಹಾರ ಸಂಸ್ಥೆಯ ಪಟ್ಟಿ ತೆರೆಯುವ ಹೊತ್ತಿಗೆ ಅವರು ಬೆಟ್ಟ ಇಳಿದು ಕೆಳಗೆ ಕೂತಿದ್ದರು.

ಎರಡನೆಯ ಮಾತು. ಡಾಕ್ಟರ್ ಎಲ್ಲವನ್ನೂ ಮಾರುಕಟ್ಟೆಯ ಬೇಡಿಕೆಗೆ ಒಪ್ಪಿಸಿಬಿಟ್ಟಿದ್ದಾರೆ. ಸರ್ಕಾರ ಮತ್ತು ಯುದ್ಧಗಳ ಕೈವಾಡ ಮರೆಯಬಾರದು. ಮೊದಲ ಮಹಾಯುದ್ಧದಲ್ಲಿ ಎಲ್ಲ ಪಕ್ಷಗಳೂ ಸೇರಿ ಸತ್ತ ಕುದುರೆಗಳು 80 ಲಕ್ಷ ಎಂಬ ಅಂದಾಜಿದೆ. ಸೋವಿಯತ್ ದೇಶದಲ್ಲಿ 1928ರಲ್ಲಿ 3.3 ಕೋಟಿಯಷ್ಟಿದ್ದ ಕುದುರೆಗಳು ಐದಾರು ವರ್ಷಗಳಲ್ಲಿ ಅರ್ಧಕ್ಕೆ ಇಳಿದವು. ಸಾಮೂಹಿಕ ಬೇಸಾಯಕ್ಕೆ ಒಪ್ಪಿಸುವ ಬದಲು ರೈತರು ತಾವೇ ಕಡಿದರು. ಒಪ್ಪಿಸಿದವು ಮೇವಿಲ್ಲದೆ ಸತ್ತವು. ಟ್ರ್ಯಾಕ್ಟರುಗಳು ಆ ನಷ್ಟ ತುಂಬಲು ಆಮೇಲೆ ಬಂದವು. ಅಲ್ಲಿ ಕುದುರೆ ಹೋಗಿ ಯಂತ್ರ ಬಂತು, ಯಂತ್ರ ಬಂದು ಕುದುರೆ ಹೋದದ್ದಲ್ಲ.

ದಕ್ಷಿಣ ಭಾರತದ ವಿಷಯಕ್ಕೆ ಬಂದರೆ, ನಮ್ಮಲ್ಲಿ ಕುದುರೆ ಎಂದೂ ತಾನಾಗಿ ಬೆಳೆದ ಪ್ರಾಣಿಯಲ್ಲ. ವಿಜಯನಗರದ ಅರಸ ಪ್ರತಿ ವರ್ಷ ಪರ್ಷಿಯನ್ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜಿನಿಂದ ಬಂದ 13,000 ಕುದುರೆಗಳನ್ನು ಕೊಳ್ಳುತ್ತಿದ್ದ ಎಂದು ಪೋರ್ಚುಗೀಸ್ ವ್ಯಾಪಾರಿ ನುನಿಜ್ ಬರೆದಿದ್ದಾನೆ. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಕುದುರೆ ತರುವ ಪರದೇಶಿಗಳು ಇಂದಿಗೂ ನಿಂತಿದ್ದಾರೆ. ಕುಣಿಗಲ್ಲಿನ ಕುದುರೆ ಫಾರಂ ಹೈದರ್, ಟಿಪ್ಪು ಕಾಲದ್ದು. ಬ್ರಿಟಿಷರು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸಿನಿಂದ ‘ವೇಲರ್’ ಕುದುರೆಗಳನ್ನು ಹಡಗಿನಲ್ಲಿ ತರಿಸಿಕೊಂಡರು. ನಮ್ಮ ಪಕ್ಕದ ಹೊಸೂರಿನ ಮತ್ತಿಗಿರಿಯಲ್ಲಿ ಸೈನ್ಯದ ಕುದುರೆ ಡಿಪೋ ಇತ್ತು. ಇಲ್ಲಿನ ಕುದುರೆಗಳನ್ನು ಉಳಿಸಿದ್ದು ಅರಸನ ಬೊಕ್ಕಸ. ಬೊಕ್ಕಸ ಕೈಬಿಟ್ಟ ಕಡೆ ಕುದುರೆ ನಿಲ್ಲುವುದಿಲ್ಲ.

ಹೆಬ್ಬಾಳದ ಡಾಕ್ಟರು

ಮೇಷ್ಟ್ರೇ, ಬೊಕ್ಕಸದ ಮಾತು ಒಪ್ಪಿದೆ. ಆದರೆ ಜಟಕಾ ಎಳೆಯುತ್ತಿದ್ದ ತಟ್ಟುಗಳಿಗೆ ಯಾವ ಅರಸನೂ ಹುರುಳಿ ಹಾಕಲಿಲ್ಲ. 1951ರ 15 ಲಕ್ಷದಲ್ಲಿ ಬಹುಪಾಲು ಗಾಡಿಗೆ, ಹೇರಿಗೆ ದುಡಿಯುವ ಬಡವರ ಪ್ರಾಣಿಗಳೇ. ಅವು ಹೋದದ್ದರ ಕಥೆಯನ್ನು ವಿಜಯನಗರದಿಂದ ಹೇಳಲಾಗದು.

ಇನ್ನು ರೋಗದ ಕಡೆಗೆ. ಆಫ್ರಿಕಾದ ನಕ್ಷೆ ತೆಗೆದು ಕುದುರೆಗಳು ಎಲ್ಲಿವೆ ಎಂದು ಗುರುತು ಹಾಕಿ. ಇಥಿಯೋಪಿಯಾದ ಎತ್ತರದ ಪ್ರದೇಶ, ಲೆಸೊಥೊದ ಬೆಟ್ಟಗಳು, ಸೆನೆಗಲ್‌ನಿಂದ ಚಾಡ್‌ವರೆಗಿನ ಒಣ ಪಟ್ಟಿ. ನಡುವಿನ ತೇವದ ಬಯಲಿನಲ್ಲಿ ತ್ಸೆತ್ಸೆ ನೊಣವಿದೆ. ಅದು ಕಚ್ಚಿದರೆ ರಕ್ತದಲ್ಲಿ ಟ್ರಿಪನೊಸೋಮ ಎಂಬ ಸೂಕ್ಷ್ಮ ಪರೋಪಜೀವಿ ಸೇರುತ್ತದೆ, ಕುದುರೆ ಬಡಕಲಾಗುತ್ತಾ ಹೋಗಿ ಸಾಯುತ್ತದೆ. ಅಲ್ಲಿ ಕುದುರೆ ‘ಕಡಿಮೆಯಾಯಿತು’ ಎಂಬ ಮಾತಿಗೇ ಅರ್ಥವಿಲ್ಲ, ಬೇರೂರಲು ಬಿಟ್ಟಿದ್ದರೆ ತಾನೆ? ನಮ್ಮಲ್ಲಿ ಅದೇ ಕುಲದ ಪರೋಪಜೀವಿಯಿಂದ ಬರುವ ‘ಸರ್ರಾ’ ರೋಗ ಇದೆ, ಹರಡುವುದು ಸಾಮಾನ್ಯ ಕುದುರೆ ನೊಣ. ಮಳೆಗಾಲ ಮುಗಿದ ಮೇಲೆ ಜ್ವರ ಬಿಟ್ಟು ಬಿಟ್ಟು ಬರುವ, ಕಾಲು ಮತ್ತು ಹೊಟ್ಟೆಯಡಿ ಬಾವು ಬಂದ ಕುದುರೆಯನ್ನು ತಂದರೆ ನಾವು ಮೊದಲು ರಕ್ತದ ಹನಿಯನ್ನು ಸೂಕ್ಷ್ಮದರ್ಶಕದಡಿ ಇಡುತ್ತಿದ್ದೆವು. ಕೆಂಪು ಕಣಗಳ ನಡುವೆ ಸಣ್ಣ ಹುಳುವಿನಂತೆ ಅದು ಒದ್ದಾಡುವುದು ಕಂಡರೆ ಬೇರೆ ಪರೀಕ್ಷೆ ಬೇಕಿರಲಿಲ್ಲ.

1960ರ ಆಫ್ರಿಕನ್ ಕುದುರೆ ಬೇನೆಯೂ ಇದೆ. ಮಧ್ಯಪ್ರಾಚ್ಯದಿಂದ ಭಾರತದವರೆಗೆ ಹಬ್ಬಿ ಮೂರು ಲಕ್ಷಕ್ಕೂ ಹೆಚ್ಚು ಕುದುರೆ ಜಾತಿಯ ಪ್ರಾಣಿಗಳು ಸತ್ತವು. ನಮ್ಮ 1961, 1966ರ ಗಣತಿಗಳಲ್ಲಿ ಕಾಣುವ ಇಳಿಕೆಗೆ ಆಟೋ ಒಂದನ್ನೇ ದೂರುವವರು ಇದನ್ನೂ ಪಕ್ಕದಲ್ಲಿಟ್ಟುಕೊಳ್ಳಲಿ.

ಮೆರವಣಿಗೆ, ಶಿವಾಜಿನಗರ

ನಮ್ಮದು ಮದುವೆಗೆ ಕುದುರೆ, ಸಾರೋಟು ಬಾಡಿಗೆಗೆ ಕೊಡುವ ಮನೆತನ. ಅಜ್ಜ ಜಟಕಾ ಓಡಿಸುತ್ತಿದ್ದರು. ಡಾಕ್ಟರ್ ಸಾಹೇಬರು ಹೇಳಿದ ಎರಡನೇ ಕೆಲಸ ನಮ್ಮ ಮನೆಯಲ್ಲಿದೆ ಎಂದು ಹೇಳಲು ಬಂದೆ. ಆದರೆ ಆ ಕೆಲಸದ ಲೆಕ್ಕವನ್ನೂ ಕೇಳಿ.

ಆಷಾಢದಲ್ಲಿ ಮದುವೆ ಇಲ್ಲ. ಧನುರ್ಮಾಸದಲ್ಲಿ ಇಲ್ಲ. ನಮ್ಮವರ ಮದುವೆಗಳು ರಂಜಾನಿನಲ್ಲಿ, ಮೊಹರಂನಲ್ಲಿ ಇಲ್ಲ. ಕುದುರೆ ಹನ್ನೆರಡು ತಿಂಗಳೂ ತಿನ್ನುತ್ತದೆ. ಮುಹೂರ್ತ ಜೋರಾಗಿರುವ ದಿನ ಹತ್ತು ಕಡೆಯಿಂದ ಫೋನು ಬರುತ್ತದೆ, ಮರುದಿನ ಒಂದೂ ಇಲ್ಲ. ಮದುವೆಗೆ ಬೇಕಾದದ್ದು ಎತ್ತರದ ಬಿಳಿ ಗಂಡು ಕುದುರೆ. ಬ್ಯಾಂಡು, ಪಟಾಕಿಗೆ ಬೆದರಬಾರದು. ಅಂಥದ್ದು ಇಲ್ಲಿ ಹುಟ್ಟುವುದಿಲ್ಲ, ಉತ್ತರದ ಜಾತ್ರೆಗಳಿಂದ ಲಾರಿಯಲ್ಲಿ ಬರುತ್ತದೆ. ಮರಿ ಹಾಕಿಸುವವರು ನಮ್ಮಲ್ಲಿ ಯಾರೂ ಇಲ್ಲ. ಹನ್ನೊಂದು ತಿಂಗಳು ಬಸಿರು, ಆಮೇಲೆ ಸವಾರಿಗೆ ಬರಲು ಮೂರು ವರ್ಷ. ಅಷ್ಟು ದಿನ ಮೇಯಿಸಲು ಬೆಂಗಳೂರಿನಲ್ಲಿ ಹುಲ್ಲುಗಾವಲು ಎಲ್ಲಿದೆ? ಲಾಯಕ್ಕೆ ಜಾಗ ಉಳಿದರೆ ಅದೇ ದೊಡ್ಡದು.

ಎಣಿಕೆಯ ವಿಷಯ ಬಂತಲ್ಲ. ಗಣತಿಗೆಂದು ಮನೆಗೆ ಬಂದವರು ಹಸು, ಆಡು ಕೇಳಿ ಹೊರಟರು. ಲಾಯ ಇರುವುದು ಇನ್ನೊಂದು ಬೀದಿಯಲ್ಲಿ. ನಾನೇ ಕರೆದುಕೊಂಡು ಹೋಗಿ ತೋರಿಸಿದೆ.

ಅಂಕಿಗಣ್ಣು, ಜಯನಗರ

ಮೆರವಣಿಗೆ ಅವರೇ, ಇಷ್ಟು ಹೊತ್ತಿನಲ್ಲಿ ಬಂದ ಅತ್ಯಂತ ಉಪಯುಕ್ತ ಬರಹ ಇದು. ‘ಮರಿ ಹಾಕಿಸುವವರು ಯಾರೂ ಇಲ್ಲ’ ಎಂಬಲ್ಲಿ ವಿಷಯ ಸಿಕ್ಕಿತು. ಡಾಕ್ಟರ್ ವಾದಕ್ಕೆ ಒಂದು ತಿದ್ದುಪಡಿ ಮಾಡೋಣ: ಎರಡನೇ ಕೆಲಸ ಇದ್ದರೆ ಸಾಲದು, ಆ ಕೆಲಸಕ್ಕೆ ಹೆಣ್ಣು ಕುದುರೆ ಬೇಕಾಗಿರಬೇಕು. ಹಾಲಿಗೆ, ಮಾಂಸಕ್ಕೆ ಸಾಕುವ ಕಡೆ ಹಿಂಡು ತುಂಬ ಹೆಣ್ಣುಗಳೇ, ವರ್ಷವರ್ಷವೂ ಮರಿ. ಮದುವೆಗೆ ಸಾಕುವ ಕಡೆ ಒಂಟಿ ಗಂಡು, ಮುಂದೆ ಸಂತಾನವಿಲ್ಲ.

ಮಂಗೋಲಿಯಾ ಇದಕ್ಕೆ ಹೇಗೆ ಹೊಂದುತ್ತದೆ ನೋಡಿ. ಅವರು ಪ್ರತಿ ಡಿಸೆಂಬರಿನಲ್ಲಿ ಹಿಂಡು ಎಣಿಸುತ್ತಾರೆ, ಹಾಗಾಗಿ ಅವರ ಗೆರೆಯ ಮೇಲೆ ನನಗೆ ಭರವಸೆ ಹೆಚ್ಚು. 1999ರಲ್ಲಿ 31 ಲಕ್ಷ ದಾಟಿದ್ದದ್ದು 2002ಕ್ಕೆ 20 ಲಕ್ಷ. ಕಾರಣ ‘ಜುಡ್’: ಬೇಸಿಗೆಯಲ್ಲಿ ಬರ, ಆಮೇಲೆ ಹುಲ್ಲು ಸಿಗದಷ್ಟು ಹಿಮ ಅಥವಾ ಮಂಜುಗಡ್ಡೆ. ಕುದುರೆ ಗೊರಸಿನಿಂದ ಹಿಮ ಕೆರೆದು ಹುಲ್ಲು ತಿನ್ನಬಲ್ಲದು, ಅದು ಕೆರೆದ ಜಾಗದಲ್ಲಿ ಹಿಂದೆಯೇ ಕುರಿಗಳು ಮೇಯುತ್ತವೆ. ಮೇಲ್ಪದರ ಕಲ್ಲಿನಂತೆ ಗಟ್ಟಿಯಾದರೆ ಅದರ ಗೊರಸೂ ಸೋಲುತ್ತದೆ. 2010ರಲ್ಲಿ ಮತ್ತೆ 19 ಲಕ್ಷಕ್ಕೆ ಇಳಿಯಿತು. ಒಂಬತ್ತು ವರ್ಷಗಳಲ್ಲಿ ಎರಡು ಪಟ್ಟು ದಾಟಿತು. ಹೆಣ್ಣು ಹಿಂಡು ಇದ್ದವರಿಗೆ ಮಾತ್ರ ಈ ವೇಗ ಸಾಧ್ಯ.

ಮೇಷ್ಟ್ರಿಗೂ ಒಂದು ಪಾಲು ಸಲ್ಲಬೇಕು. 1990ರ ನಂತರ ಅಲ್ಲಿ ಸಾಮೂಹಿಕ ಹಿಂಡುಗಳನ್ನು ಕುಟುಂಬಗಳಿಗೆ ಹಂಚಿದರು, ಕುರಿಗಾಹಿ ಕುಟುಂಬಗಳ ಸಂಖ್ಯೆ ಆ ದಶಕದಲ್ಲೇ ಎರಡು ಪಟ್ಟಿಗಿಂತ ಹೆಚ್ಚಾಯಿತು. ಸರ್ಕಾರ ಹಿಡಿದದ್ದರಿಂದ ರಷ್ಯಾದಲ್ಲಿ ಬಿತ್ತು, ಬಿಟ್ಟದ್ದರಿಂದ ಮಂಗೋಲಿಯಾದಲ್ಲಿ ಎದ್ದಿತು.

ರೂಪಾ, ಯಲಹಂಕ

ಜನಸಂಖ್ಯೆಗೆ ಭಾಗಿಸಿ ನೋಡಿದೆ. ಮಂಗೋಲಿಯಾದಲ್ಲಿ ಜನರಿಗಿಂತ ಕುದುರೆಗಳೇ ಹೆಚ್ಚು. ಐಸ್‌ಲ್ಯಾಂಡಿನಲ್ಲಿ ಐದು ಜನಕ್ಕೆ ಒಂದು. ಅಲ್ಲಿ ಹೊರಗಿನ ಕುದುರೆ ಒಳಗೆ ಬರುವಂತಿಲ್ಲ, ಹೊರಗೆ ಹೋದ ತಮ್ಮದೇ ಕುದುರೆಯೂ ಮರಳುವಂತಿಲ್ಲ. ಭಾರತದಲ್ಲಿ ನಾಲ್ಕು ಸಾವಿರ ಜನಕ್ಕೆ ಒಂದು. ವಿಚಿತ್ರವೆಂದರೆ ಅಮೆರಿಕ ಮತ್ತು ಇಥಿಯೋಪಿಯಾ ಎರಡೂ ಐವತ್ತು–ಅರವತ್ತು ಜನಕ್ಕೆ ಒಂದು ಎಂಬ ಹತ್ತಿರದ ಲೆಕ್ಕದಲ್ಲಿ ಬರುತ್ತವೆ. ಒಂದು ಕಡೆ ಶನಿವಾರದ ಸವಾರಿ, ಇನ್ನೊಂದು ಕಡೆ ಊರಿನೊಳಗೆ ಬಾಡಿಗೆಗೆ ಓಡುವ ಗಾರಿ ಗಾಡಿ. ಅಂಕಿ ಮಾತ್ರ ನೋಡಿದವರು ಎರಡೂ ಒಂದೇ ಬಗೆಯ ದೇಶ ಎಂದುಕೊಳ್ಳಬೇಕು!

ಸುಮ್ಮನೆ ಓದುಗ

ಪಾಕಿಸ್ತಾನವನ್ನು ಯಾರೂ ಮುಟ್ಟಲಿಲ್ಲವಲ್ಲ. ಅವರ ಆರ್ಥಿಕ ಸಮೀಕ್ಷೆಯಲ್ಲಿ ವರ್ಷ ವರ್ಷವೂ ಕುದುರೆ ನಾಲ್ಕು ಲಕ್ಷ, ಕದಲುವುದೇ ಇಲ್ಲ. ಕತ್ತೆಗಳು ಮಾತ್ರ ವರ್ಷಕ್ಕೆ ಸರಿಯಾಗಿ ಒಂದು ಲಕ್ಷ ಹೆಚ್ಚುತ್ತವೆ. ಇಷ್ಟು ಶಿಸ್ತಿನ ಕತ್ತೆಗಳನ್ನು ನಾನು ಎಲ್ಲೂ ಕಂಡಿಲ್ಲ. ಅಡಿಟಿಪ್ಪಣಿ ಓದಿದರೆ ಗುಟ್ಟು ಬಯಲು: 1996 ಮತ್ತು 2006ರ ಗಣತಿಗಳ ನಡುವಿನ ಬೆಳವಣಿಗೆ ದರವನ್ನೇ ವರ್ಷಗಟ್ಟಲೆ ಗುಣಿಸಿಕೊಂಡು ಬಂದಿದ್ದಾರೆ. ಪತ್ರಿಕೆಗಳು ಅದನ್ನೇ ಪ್ರತಿ ಜೂನ್‌ನಲ್ಲಿ ಸುದ್ದಿ ಮಾಡುತ್ತವೆ.

ಜಟಕಾಸ್ಟ್ಯಾಂಡ್, ಬಸವನಗುಡಿ

ನಗಬೇಡಿ, ನಮ್ಮ 2012 ಮತ್ತು 2019ರ ನಡುವಿನ ಶೇ 45ರಲ್ಲಿ ಎಷ್ಟು ನಿಜ? ಏಳು ವರ್ಷದಲ್ಲಿ ಅರ್ಧದಷ್ಟು ಮಾಯವಾಗಲು ಸಾಧ್ಯವೇ?

ಹೆಬ್ಬಾಳದ ಡಾಕ್ಟರು

ಸಾಧ್ಯ. 2019ರಲ್ಲಿ ಮೊದಲ ಬಾರಿ ಟ್ಯಾಬ್ಲೆಟ್ ಹಿಡಿದು ಎಣಿಸಿದರು, ಕ್ರಮ ಬದಲಾದಾಗ ಅಂಕಿ ಸ್ವಲ್ಪ ಜರುಗುವುದು ಸಹಜ. ಆದರೆ ಅದೇ ಅವಧಿಯಲ್ಲಿ ಹೇಸರಗತ್ತೆ ಶೇ 57, ಕತ್ತೆ ಶೇ 61, ಒಂಟೆ ಶೇ 37 ಇಳಿದಿವೆ. ಹೇರು ಹೊರುವ, ಗಾಡಿ ಎಳೆಯುವ ಪ್ರಾಣಿಗಳೆಲ್ಲ ಒಟ್ಟಿಗೆ ಬಿದ್ದಿವೆ, ಹಸುಗಳ ಸಂಖ್ಯೆ ಏರಿದೆ. ಎಣಿಸುವವರ ತಪ್ಪು ಹೀಗೆ ಆರಿಸಿ ಆರಿಸಿ ಬೀಳುವುದಿಲ್ಲ. ಉತ್ತರ ಭಾರತದಲ್ಲಿ ಟಾಂಗಾದ ಜಾಗಕ್ಕೆ ಬ್ಯಾಟರಿ ರಿಕ್ಷಾ ಬಂದದ್ದು ಸರಿಯಾಗಿ ಆ ವರ್ಷಗಳಲ್ಲೇ. ಮುಂಬೈಯ ವಿಕ್ಟೋರಿಯಾ ಗಾಡಿಗಳನ್ನು ಹೈಕೋರ್ಟ್ 2015ರಲ್ಲಿ ನಿಲ್ಲಿಸಿತು. ಬೆಟ್ಟದ ಹಳ್ಳಿಗಳಿಗೆ ರಸ್ತೆ ಹೋಯಿತು.

ಅಂಕಿಗಣ್ಣು, ಜಯನಗರ

ಹಾಗಾದರೆ ಏರಿಳಿತದ ನಕ್ಷೆಯನ್ನು ಹೀಗೆ ಮಾಡುತ್ತೇನೆ. ಅಮೆರಿಕದ ಗೆರೆ 1915ರಿಂದ, ರಷ್ಯಾದ್ದು 1928ರಿಂದ, ಭಾರತದ್ದು 1951ರಿಂದ. ಪ್ರತಿ ದೇಶದ ಅತಿ ಹೆಚ್ಚಿನ ಅಂಕಿಯನ್ನು ನೂರು ಎಂದಿಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೋಲಿಸುವುದು. ಪಾಕಿಸ್ತಾನ ಕೈಬಿಟ್ಟೆ. ಮೆಕ್ಸಿಕೊ, ಬ್ರೆಜಿಲ್‌ಗಳ ಗೆರೆಗಳು ದಶಕಗಳಿಂದ ಹೆಚ್ಚು ಕದಲಿಲ್ಲ. ದನ ಕಾಯುವ ಕೆಲಸ ಅಲ್ಲಿ ಇನ್ನೂ ಕುದುರೆಯದೇ. ಇಂದಿನ ಆರು ಕೋಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅಮೆರಿಕ ಖಂಡಗಳಲ್ಲೇ ಇವೆ. ಅಲ್ಲಿ ಹತ್ತು ಸಾವಿರ ವರ್ಷಗಳ ಹಿಂದೆ ಅಳಿದಿದ್ದ ಕುದುರೆಯನ್ನು 1493ರಲ್ಲಿ ಕೊಲಂಬಸ್ ಮತ್ತೆ ಇಳಿಸಿದ. ಅದಕ್ಕಿಂತ ದೊಡ್ಡ ಏರಿಕೆ ಯಾವ ನಕ್ಷೆಯಲ್ಲೂ ಬರುವುದಿಲ್ಲ.

ಮೆರವಣಿಗೆ, ಶಿವಾಜಿನಗರ

ರೇಸ್ ಕೋರ್ಸಿನ ಕುದುರೆಗಳನ್ನು ನಮ್ಮವುಗಳ ಜೊತೆ ಸೇರಿಸಬೇಡಿ. ಅವುಗಳ ಮೇವು, ವೈದ್ಯರು, ವಂಶಾವಳಿ ಎಲ್ಲವೂ ಬೇರೆ. ಅಲ್ಲಿಂದ ನಿವೃತ್ತಿಯಾದವು ಎಷ್ಟೋ ಬಾರಿ ನಮ್ಮ ಕಡೆಗೆ ಬರುತ್ತವೆ, ಓಟದ ಚಟ ಬಿಡಿಸಲು ತಿಂಗಳುಗಟ್ಟಲೆ ಬೇಕು.

ಅಂಕಿಗಣ್ಣು, ಜಯನಗರ

ಗಣತಿ ಅವನ್ನು ಬೇರೆ ಕಾಲಮಿನಲ್ಲಿ ಕೊಟ್ಟರೆ ಖಂಡಿತ ಬಿಡಿಸುತ್ತೇನೆ. 21ನೇ ಜಾನುವಾರು ಗಣತಿ 2024ರ ಅಕ್ಟೋಬರಿನಲ್ಲಿ ಶುರುವಾಯಿತು. ಅದರ ತಳಿವಾರು ಪಟ್ಟಿ ಕೈಗೆ ಬಂದ ಕೂಡಲೇ ಇಲ್ಲಿ ಹಾಕುತ್ತೇನೆ.

ಸುಮ್ಮನೆ ಓದುಗ

ಶೇ 61 ಬಿದ್ದ ಕತ್ತೆಗಳಿಗೆ ಬೇರೆ ಚರ್ಚೆ ತೆರೆಯುತ್ತಿದ್ದೇನೆ. ಚೀನಾದ ಔಷಧಿಗೆ ಕತ್ತೆ ಚರ್ಮ ಸಾಗಿಸುವುದು, 2024ರಲ್ಲಿ ಆಫ್ರಿಕನ್ ಒಕ್ಕೂಟ ಅದಕ್ಕೆ ತಡೆ ಹಾಕಲು ತೀರ್ಮಾನಿಸಿದ್ದು, ಎಲ್ಲ ಅಲ್ಲಿ. ಡಾಕ್ಟರ್ ತಪ್ಪದೇ ಬರಬೇಕು.